ಬೆಳವಕ್ಕಿಯ ಕುಂಟು ನಾಟಕ

ಬೆಳವಕ್ಕಿ ಎಂದರೆ ಪಾಪದ ಹಕ್ಕಿ ಎನ್ನುವವರನ್ನು ಒಮ್ಮೆ ತೆಂಗಿನಮರದ ತುದಿಗೆ ಹತ್ತಿಸಬೇಕು. ಹೆಜಮಾಡಿಯಿಂದ ಕಾರ್ಕಳದವರೆಗೆ ಪಾರಿವಾಳದ ಜಾತಿಯ ಈ ಹಕ್ಕಿಯಿಲ್ಲದ ಹಿತ್ತಿಲಿಲ್ಲ. ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನಲ್ಲಿ ಜನರ ಕಾಲಬುಡದಲ್ಲೇ ಜೋಡಿಯಾಗಿ ಕಾಳು ಹೆಕ್ಕುತ್ತದೆ. ನಸುಗೆಂಪು ಎದೆ, ಕತ್ತಿನ ಕಪ್ಪು ಪಟ್ಟಿಯ ಮೇಲೆ ಬಿಳಿ ಎಳ್ಳು ಚೆಲ್ಲಿದಂಥ ಚುಕ್ಕೆ, ನೋಡಲು ಚೆಂದವೇ. ಆದರೆ ಗೂಡಿನಲ್ಲಿ ಕೂತಿತೋ, ಮನುಷ್ಯನ ಮುಖ ಗೇಣು ಹತ್ತಿರ ಬರುವ ತನಕ ಅಲುಗುವುದಿಲ್ಲ. ಆಮೇಲೆ ಪಟಪಟನೆ ರೆಕ್ಕೆ ಬಡಿದು ಮುಖಕ್ಕೇ ಹಾರುತ್ತದೆ.

ತೆಂಗಿನಕಾಯಿ ಕೊಯ್ಯುವ ಚಂಪಾಳಿಗೆ ಕಳೆದ ವರ್ಷ ಹಾಗೇ ಆಯಿತು. ಬೆಚ್ಚಿಬಿದ್ದು ಕಾಲು ತಪ್ಪಿತು, ಸೊಂಟದ ಹಗ್ಗ ತಡೆಯಲಿಲ್ಲ. ತರಗೆಲೆಯ ರಾಶಿಯ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಎಡಗಾಲು ಮುರಿಯಿತು. ಹಗ್ಗದ ಕೆಳತುದಿ ಗಂಡ ಶೇಖರನ ಕೈಯಲ್ಲಿತ್ತು. "ಬಿಗಿಯಾಗಿಯೇ ಹಿಡಿದಿದ್ದೆ ಮಾರಾಯ್ತಿ, ಜಾರಿಹೋಯಿತು" ಎಂದು ಆಸ್ಪತ್ರೆಯಲ್ಲಿ ಅತ್ತು, ಅಂಗೈಯಿಂದ ಅವಳ ಕಣ್ಣನ್ನೂ ಒರೆಸಿದ್ದ. ತಪ್ಪೆಲ್ಲ ಹಕ್ಕಿಯದು ಎಂದು ಅವಳು ನಂಬಿದಳು.

ಹತ್ತು ತಿಂಗಳ ನಂತರ ಇದು ಮೊದಲ ಮರ. ಹಿರಿಯಡ್ಕದ ಗುಣವತಿಯಕ್ಕನ ಹಿತ್ತಿಲು. ಚಂಪಾ ಸೊಂಟಕ್ಕೆ ಹಗ್ಗ ಬಿಗಿದು, ಮರದ ತುದಿಯನ್ನೇ ನೋಡುತ್ತಾ ನಿಂತಳು.

"ಹೆದರಿಕೆಯಾದರೆ ಬೇಡ" ಎಂದ ಶೇಖರ.

"ಹೆದರಿಕೆ ಉಂಟು. ಇವತ್ತು ಹತ್ತದಿದ್ದರೆ ಇನ್ನು ಯಾವತ್ತೂ ಹತ್ತಲಿಕ್ಕಿಲ್ಲ. ನೀವು ಹಗ್ಗ ಮಾತ್ರ ಬಿಡಬೇಡಿ."

"ಜೀವ ಹೋದರೂ ಬಿಡುವುದಿಲ್ಲ."

ಹಗ್ಗದ ತುದಿಯನ್ನು ಪಕ್ಕದ ಹಲಸಿನ ಮರಕ್ಕೆ ಕಟ್ಟಬಹುದಿತ್ತು. ಗಂಡನ ಕೈಯಿರುವಾಗ ಮರ ಯಾಕೆ?

ಹತ್ತುವ ಯಂತ್ರದ ಪೆಡಲುಗಳನ್ನು ಒಂದೊಂದಾಗಿ ಮೇಲೆತ್ತುತ್ತಾ ಹೋದಳು. ತುದಿ ತಲುಪಿ, ಹಗ್ಗದ ಇನ್ನೊಂದು ತುದಿಯನ್ನು ಗಟ್ಟಿಯಾದ ಮಡಲುಗರಿಯ ಬುಡಕ್ಕೆ ಬಳಸಿ ಕೆಳಗೆ ಇಳಿಬಿಟ್ಟಳು. ಶೇಖರ ಎಳೆದು ಹಿಡಿದ. ಅಬ್ಬ! "ಹೂಶ್, ಹೂಶ್" ಎಂದು ಕೂಗಿ ನೋಡಿದಳು. ಏನೂ ಹಾರಲಿಲ್ಲ. ಧೈರ್ಯ ಮಾಡಿ ಗೊನೆಯತ್ತ ಬಗ್ಗಿದಳು.

ಪಟಪಟಪಟ!

ಕಣ್ಣಿಗೆ ರೆಕ್ಕೆ ಬಡಿಯಿತು. ಬಲಗಾಲು ಪೆಡಲಿನಿಂದ ಕಳಚಿತು. ಚಂಪಾ ಮರವನ್ನು ತಬ್ಬಿ ನೇತಾಡಿದಳು. ಹಗ್ಗ ಮಾತ್ರ ಸೊಂಟವನ್ನು ಬಿಗಿಯಾಗಿ ಹಿಡಿದಿತ್ತು. ಮೂಗಿನ ಮುಂದೆ ನಾಲ್ಕು ಕಡ್ಡಿಯ ಗೂಡಿನಲ್ಲಿ ಎರಡು ಮರಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಆಗ ಹಗ್ಗ ಸಡಿಲವಾಯಿತು.

ಕೆಳಗೆ ನೋಡಿದಳು. ಬೆಳವಕ್ಕಿ ನೆಲಕ್ಕೆ ಬಿದ್ದು ಒಂದು ರೆಕ್ಕೆ ಎಳೆಯುತ್ತಾ ಕುಂಟುತ್ತಿತ್ತು. ಅದರ ಹಿಂದೆ ಎರಡೂ ಕೈ ಚಾಚಿಕೊಂಡು ಶೇಖರ!

"ಹಗ್ಗ! ಮಾರಾಯ್ರೇ, ಹಗ್ಗ!"

"ಒಂದು ನಿಮಿಷ, ಪಾಪ, ರೆಕ್ಕೆ ಮುರಿದಿದೆ! ಇಲ್ಲಿ ಬೆಕ್ಕು ಉಂಟು!"

ಅದು ನಾಟಕ. ಗೂಡಿನಿಂದ ವೈರಿಯನ್ನು ದೂರ ಒಯ್ಯಲು ಹಕ್ಕಿ ಆಡುವ ನಾಟಕ. ಚಂಪಾಳಿಗೆ ಗೊತ್ತಿತ್ತು, ಆದರೆ ಹೇಳಲು ಉಸಿರಿರಲಿಲ್ಲ. ಬೆವರಿಗೆ ತೋಳು ಗೇಣುಗೇಣಾಗಿ ಜಾರುತ್ತಿತ್ತು. ಮುರಿದು ಕೂಡಿದ ಎಡಗಾಲೊಂದೇ ಪೆಡಲಿನ ಮೇಲೆ. ಸತ್ತೆ, ಈ ಸಲ ಸತ್ತೇ ಹೋದೆ ಎಂದುಕೊಂಡಳು.

"ಅಯ್ಯೋ, ಇವನಿಗೆ ಬುದ್ಧಿ ಉಂಟಾ!" ಅಂಗಳದಿಂದ ಓಡಿಬಂದ ಗುಣವತಿಯಕ್ಕ ಹಗ್ಗವನ್ನು ಹಿಡಿದು ಜೋತುಬಿದ್ದಳು. ಹಗ್ಗ ಸರ್ರನೆ ಒಂದು ಮೊಳ ಜಾರಿ ನಿಂತಿತು. ಆ ಹೊತ್ತಿಗೆ ಬೇಲಿ ಮುಟ್ಟಿದ್ದ ಬೆಳವಕ್ಕಿ, ರೆಕ್ಕೆಗೆ ಎಂತದ್ದೂ ಆಗದ ಹಾಗೆ ಹಾರಿಹೋಯಿತು.

ಚಂಪಾ ಬಲಗಾಲನ್ನು ಮತ್ತೆ ಪೆಡಲಿಗೆ ತೂರಿಸಿ ಕೆಳಗಿಳಿದು, ಮರದ ಬುಡದಲ್ಲೇ ಕೂತಳು. ಗುಣವತಿಯಕ್ಕ ಉಫ್ ಉಫ್ ಎಂದು ಕೈಗೆ ಊದಿಕೊಳ್ಳುತ್ತಿದ್ದಳು. ಹಗ್ಗ ಜಾರಿದಲ್ಲಿ ಎರಡೂ ಅಂಗೈಯ ಚರ್ಮ ಕೆಂಪಗೆ ಸುಲಿದಿತ್ತು.

ಚಂಪಾ ಆ ಕೈಗಳನ್ನೇ ನೋಡಿದಳು. ಆಸ್ಪತ್ರೆಯಲ್ಲಿ ತನ್ನ ಕಣ್ಣೊರೆಸಿದ ಅಂಗೈ ನೆನಪಾಯಿತು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

"ಹೋದ ವರ್ಷವೂ ಹೀಗೆಯೇ ಬಿಟ್ಟದ್ದು, ಅಲ್ವಾ?" ಎಂದು ಕೇಳಿದಳು.

ಶೇಖರ ಬೇಲಿಯ ಕಡೆ ನೋಡುತ್ತಾ ನಿಂತ.

ಚಂಪಾ ಎದ್ದು ಎರಡನೇ ಮರ ಹತ್ತಿದಳು. ಹಗ್ಗದ ತುದಿ ಕೆಳಗೆ ಬಂದಾಗ ಶೇಖರ ಕೈ ಚಾಚಿದ.

"ನೀವಲ್ಲ" ಎಂದು ಮೇಲಿನಿಂದ ಕೂಗಿದಳು. "ಅಕ್ಕಾ, ಅದನ್ನು ಹಲಸಿನ ಮರಕ್ಕೆ ಕಟ್ಟಿ."