ಬೆಣೆ ತೆಗೆದ ದಿನ

ಚಾವಣಿಯ ಕೆಳಗೆ ನಿಲ್ಲುವುದಕ್ಕೆಂದು ನಮ್ಮವರು ಹೊಸ ಅಂಗಿ ಹಾಕಿಕೊಂಡರು. ಮದುವೆಯ ದಿನವೂ ಅಷ್ಟು ನೀಟಾಗಿ ಗಡ್ಡ ಬೋಳಿಸಿಕೊಂಡವರಲ್ಲ. ಕನ್ನಡಿಯ ಮುಂದಿನಿಂದ ನನ್ನ ಕಡೆ ತಿರುಗದೆ, "ಗಿಣಿಗೂ ಒಳ್ಳೇ ಬಟ್ಟೆ ಹಾಕು. ನೀವಿಬ್ರೂ ನನ್ ಜೊತೆ ನಿಲ್ತೀರ" ಅಂದರು. ಎಲ್ಲಿ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಗಿಣಿ ನಮ್ಮ ಎಂಟು ವರ್ಷದ ಮಗಳು. ಅಪ್ಪ ಹೇಳಿದ್ದನ್ನೆಲ್ಲ ಅಪ್ಪನ ರಾಗದಲ್ಲೇ ಒಪ್ಪಿಸುತ್ತಾಳೆ, ಅದಕ್ಕೇ ಆ ಹೆಸರು.

ಇವರು ಗಾರೆ ಕೆಲಸದ ಮೇಸ್ತ್ರಿ. ಕಬ್ಬಿಣವಿಲ್ಲದೆ, ಕಾಂಕ್ರೀಟಿಲ್ಲದೆ, ನಡುವೆ ಒಂದು ಕಂಬವೂ ಇಲ್ಲದೆ, ಬರೀ ಇಟ್ಟಿಗೆಯಲ್ಲಿ ಒಂದು ದೊಡ್ಡ ಕೋಣೆಗೆ ಕಮಾನಿನ ಚಾವಣಿ ಕಟ್ಟಬೇಕು ಅನ್ನುವುದು ಇವರ ಜೀವಮಾನದ ಕನಸು. ಹಿಂದಿನವರು ಕಟ್ಟುತ್ತಿದ್ದರೆಂದು ಇವರಿಗೆ ಕೆಲಸ ಕಲಿಸಿದ ಮುದುಕ ತಲೆಗೆ ಹುಳ ಬಿಟ್ಟಿದ್ದ. ಕೇಳಿದವರೆಲ್ಲ ನಕ್ಕರು. ನಾನೊಬ್ಬಳೇ, "ನಿಮ್ಮಿಂದ ಆಗುತ್ತೆ ರೀ" ಅಂದವಳು. ಒಂದು ಸಲವಲ್ಲ, ಊಟಕ್ಕೆ ಬಡಿಸುವಾಗಲೆಲ್ಲ ಅಂದೆ. ಅದಕ್ಕೇನೂ ಈಗ ಹಲುಬುತ್ತಿಲ್ಲ. ಗಂಡ ಮುಖ ಜೋಲು ಹಾಕಿಕೊಂಡು ಮೂಲೆ ಹಿಡಿದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಆದರೆ ಬರಬರುತ್ತಾ ನನ್ನ ಮಾತು ಇವರಿಗೆ ಸಾಲದಾಯಿತು. ಬೀದಿಯವರೆಲ್ಲ ನಂಬಬೇಕು. ಬಾಯಲ್ಲಿ ಹೇಳಿದರೆ ಆಗದು, ಮಾಡಿ ತೋರಿಸಬೇಕು. ಬಿದ್ದರೇನು ಗತಿ ಎಂದು ಯಾರಾದರೂ ಕೇಳಿದರೆ ಆ ಮನುಷ್ಯನ ಜೊತೆ ಮಾತು ಬಂದ್.

ಕೊನೆಗೆ ಒಬ್ಬ ಬೇಕರಿ ಮಾಲೀಕರು ಸಿಕ್ಕಿದರು. ಅಂಗಡಿಯ ಹಿಂದೆ ದೊಡ್ಡ ಕೋಣೆಗೆ ಗೋಡೆ ಎಬ್ಬಿಸಿದ್ದರು. ಇವರ ಮಾತಿಗೆ ಮರುಳಾಗಿ ಚಾವಣಿಗೆ ಒಪ್ಪಿಬಿಟ್ಟರು. ನನ್ನ ತಮ್ಮ ಬಡಗಿ. ಗೋಡೆಯಿಂದ ಗೋಡೆಗೆ ಬಾಗಿದ ಮರದ ಅಚ್ಚು ಮಾಡಿ, ಕಂಬಗಳ ಮೇಲೆ ಕೂರಿಸಿ, ಕಂಬಗಳ ಬುಡಕ್ಕೆ ಬೆಣೆ ಹೊಡೆದು ಕೊಟ್ಟ. ಅಚ್ಚಿನ ಮೇಲೆ ಇವರು ಇಟ್ಟಿಗೆ ಜೋಡಿಸಿದರು. ಗಾರೆ ಒಣಗಿತು. ಇನ್ನು ಬೆಣೆ ಕಿತ್ತು ಅಚ್ಚನ್ನು ಇಳಿಸಿದರೆ ಚಾವಣಿ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಬೆಣೆ ಕೀಳುವಾಗ ಕಟ್ಟಿದವನು ಕೆಳಗೆ ನಿಂತಿರಬೇಕು ಅನ್ನುವುದು ಆ ಮುದುಕನ ಕಡೆಯವರ ಕಟ್ಟಳೆ. ಕಟ್ಟಿದವನು ಅಂತಷ್ಟೇ ಮುದುಕ ಹೇಳಿದ್ದು. ಹೆಂಡತಿ ಮಗಳನ್ನು ಸೇರಿಸಿಕೊಂಡದ್ದು ನಮ್ಮವರ ಸ್ವಂತ ಬುದ್ಧಿ.

ನಾವು ಹೋದಾಗ ಬೇಕರಿಯ ಕೆಲಸಗಾರರೆಲ್ಲ ಬಾಗಿಲಾಚೆ ಗುಂಪುಗೂಡಿದ್ದರು. ತಮ್ಮ ನನ್ನನ್ನು ಕಣ್ಣಲ್ಲೇ ಕರೆದು ಕೋಣೆಯ ಹಿಂಬದಿಗೆ ಕರೆದೊಯ್ದ. ಗೋಡೆಯ ನೆತ್ತಿಯಿಂದ ತೂಕದ ಗುಂಡು ಇಳಿಬಿಟ್ಟಿದ್ದ. ಗೋಡೆ ನೆಟ್ಟಗಿದ್ದರೆ ದಾರ ಮೇಲಿಂದ ಕೆಳಗಿನವರೆಗೂ ಅದಕ್ಕೆ ಅಂಟಿಕೊಂಡೇ ಇರಬೇಕು. ಬುಡದಲ್ಲಿ ದಾರಕ್ಕೂ ಗೋಡೆಗೂ ನಡುವೆ ನನ್ನ ಹೆಬ್ಬೆರಳು ಸಲೀಸಾಗಿ ತೂರಿತು.

"ಚಾವಣಿ ಗೋಡೇನ ಆಚೆ ತಳ್ತಿದೆ ಅಕ್ಕಾ. ಹೋದ ವಾರ ಹೀಗಿರ್ಲಿಲ್ಲ."

"ಭಾವಂಗೆ ಹೇಳ್ದ್ಯಾ?"

"ಹೇಳ್ದೆ. ನಿನ್ ಕಣ್ಣೇ ವಾಲಿದೆ ಕಣಯ್ಯಾ ಅಂತ ನಕ್ಕುಬಿಟ್ರು."

ಒಳಗೆ ಇವರು ಕಂಬಗಳ ನಡುವೆ ಗಿಣಿಯ ಕೈ ಹಿಡಿದು ನಿಂತಿದ್ದರು. ತಂಪಾದ ಕೋಣೆ, ಒದ್ದೆ ಸುಣ್ಣದ ವಾಸನೆ. ನಾನು ಹತ್ತಿರ ಹೋಗಿ ದನಿ ತಗ್ಗಿಸಿ, "ಇವತ್ತು ಬೇಡ ರೀ. ಗೋಡೆ ಸ್ವಲ್ಪ ನೋಡಿ" ಅಂದೆ.

"ನನ್ ಮೇಲೆ ನಂಬಿಕೆ ಇದ್ರೆ ಬಾ, ಪಕ್ಕದಲ್ಲಿ ನಿಂತ್ಕೋ."

"ನಂಬಿಕೆ ನಿಮ್ ಮೇಲೆ ರೀ. ಇಟ್ಟಿಗೆ ಮೇಲಲ್ಲ."

"ಎರಡೂ ಒಂದೇ" ಅಂದರು.

ಮೆಲ್ಲಗೆ, ಪ್ರೀತಿಯಿಂದಲೇ ಅಂದರು. ಆಗ ಒಂದು ವಿಷಯ ಗಮನಿಸಿದೆ. ಒಳಗೆ ಬಂದಾಗಿನಿಂದ ಇವರು ಒಮ್ಮೆಯೂ ತಲೆಯೆತ್ತಿ ಚಾವಣಿ ನೋಡಿರಲಿಲ್ಲ. ಬಾಗಿಲಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಚಾವಣಿಯನ್ನು ಹೊತ್ತುಕೊಳ್ಳಬೇಕಾದ್ದು ಆ ಮುಖಗಳೇ ಎಂದುಕೊಂಡಂತಿತ್ತು. ಗಿಣಿಯ ರಟ್ಟೆ ಹಿಡಿದು ಎಳೆದುಕೊಂಡು ಆಚೆ ಬಂದೆ. ಬಿಡಮ್ಮಾ ಬಿಡಮ್ಮಾ ಎಂದು ಅವಳು ಊರಿಗೆಲ್ಲ ಕೇಳುವ ಹಾಗೆ ರಂಪ ಮಾಡಿದಳು. ಮಾಡಿಕೊಳ್ಳಲಿ, ಜೀವ ಇದ್ದರೆ ತಾನೇ ರಂಪ.

ನೀನು ಹೊಡೀದಿದ್ರೆ ನಾನೇ ಹೊಡೀತೀನಿ ಎಂದು ಇವರು ಗದರಿದ ಮೇಲೆ ತಮ್ಮ ಬೆಣೆ ಹೊಡೆಯತೊಡಗಿದ. ಒಂದೊಂದು ಬೆಣೆ ಸಡಿಲವಾದಾಗಲೂ ಮರ ನರಳುತ್ತಿತ್ತು. ಬಾಗಿಲ ಹತ್ತಿರದ ಕೊನೆಯ ಬೆಣೆ ಬಿದ್ದದ್ದೇ ತಡ, ಅವನು ಸುತ್ತಿಗೆ ಸಮೇತ ಆಚೆ ಹಾರಿದ. ಅಚ್ಚು ಒಂದು ಗೇಣು ಇಳಿಯಿತು. ಅದರ ಹಿಂದೆಯೇ ಚಾವಣಿಯೂ ಜಗ್ಗಿತು. ಒಣ ಕಟ್ಟಿಗೆ ಮುರಿದಂಥ ಸದ್ದು, ಆಮೇಲೆ ಸುಣ್ಣದ ಧೂಳು. ಎಲ್ಲರೂ ಮುಖ ಮುಚ್ಚಿಕೊಂಡು ಹಿಂದೆ ಸರಿದರು. ನಾನು ಕಣ್ಣು ಮುಚ್ಚಲಿಲ್ಲ. ನಮ್ಮವರು ಮಂಡಿ ಕುಸಿದು, ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದಿದ್ದರು. ಹೊಡೆತ ಬೀಳುತ್ತದೆಂದು ಗೊತ್ತಾದ ಮಗುವಿನ ಹಾಗೆ.

ಚಾವಣಿ ನಿಂತಿತು.

ಧೂಳು ಇಳಿಯುವಷ್ಟರಲ್ಲಿ ಇವರು ನೆಟ್ಟಗೆ ನಿಂತು ಎದೆಯ ಮೇಲೆ ಕೈ ಕಟ್ಟಿಕೊಂಡಿದ್ದರು. ಜನ ಚಪ್ಪಾಳೆ ತಟ್ಟುತ್ತಾ ಒಳಗೆ ನುಗ್ಗಿದರು. ನನಗೂ ಅಳು ಬಂತು, ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ? ಗಂಡ ಜೀವಂತ ಇದ್ದಾರೆ, ಕನಸು ನೆತ್ತಿಯ ಮೇಲೆ ನಿಂತಿದೆ. ಆ ಗಳಿಗೆಯಲ್ಲಿ ಗಿಣಿ ನನ್ನ ಕೈ ಕೊಸರಿಕೊಂಡು ಓಡಿದಳು.

"ಅಪ್ಪಾ, ಹೆದ್ರಿಕೆ ಆಗ್ಲಿಲ್ವಾ?"

"ಕಣ್ಣು ಕೂಡ ಮಿಟುಕಿಸ್ಲಿಲ್ಲ ನಿಮ್ಮಪ್ಪ."

"ಕೈ ಎತ್ತಿದ್ರಿ" ಅಂದೆ. "ತಲೆ ಮುಚ್ಕೊಂಡ್ರಿ. ನಾನು ನೋಡ್ದೆ."

ಗಿಣಿ ಅಪ್ಪನ ಮುಖವನ್ನೇ ನೋಡಿದಳು. "ಎತ್ತಿದ್ಯಾ ಅಪ್ಪಾ?"

"ಇಲ್ಲ ಮಗಳೇ."

ಸುಳ್ಳು ಹೇಳಿದರೆ ಇವರ ಕಿವಿ ಕೆಂಪಗಾಗುತ್ತದೆ. ಕಟ್ಟಿಕೊಂಡಾಗಿನಿಂದ ನಾನು ಇವರನ್ನು ಹಿಡಿಯುವುದೇ ಹಾಗೆ. ಅವತ್ತು ಆಗಲಿಲ್ಲ. ಕೈ ಎತ್ತಿದ್ದು ಇವರಿಗೇ ಗೊತ್ತಿರಲಿಲ್ಲ. ಮೇಲಿನ ಚಾವಣಿಗಿಂತ ನನಗೆ ಅದರದ್ದೇ ಭಯ ಹೆಚ್ಚಾಯಿತು.

ಬೇಕರಿ ಮಾಲೀಕರು ಸಂಭ್ರಮದಲ್ಲಿ ಇವರ ಬೆನ್ನು ತಟ್ಟುತ್ತಾ, "ನಮ್ ಭಾಮೈದ ಶಾಲೆ ನಡೆಸ್ತಾನೆ ಮೇಸ್ತ್ರಿ. ಮಕ್ಕಳ ಊಟದ ಹಾಲ್‌ಗೆ ಇಂಥದ್ದೇ ಬೇಕಂತೆ" ಅಂದರು.

"ಕಟ್ಟೋಣ" ಅಂದರು ಇವರು, ಕೇಳಿದ್ದೇ ತಡ.

"ಆವಾಗ ನಾನು ನಿಲ್ತೀನಿ" ಅಂದಳು ಗಿಣಿ, ಅಪ್ಪನ ರಾಗದಲ್ಲೇ. "ಅಮ್ಮಂಗೆ ನಂಬಿಕೆ ಇಲ್ಲ. ನಂಗಿದೆ."

ಇವರು ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಅವಳ ತಲೆ ಇಟ್ಟಿಗೆಗಳಿಗೆ ಇನ್ನಷ್ಟು ಹತ್ತಿರವಾಯಿತು. ಅಷ್ಟರಲ್ಲಿ ಹಿಂಬದಿಗೆ ಹೋಗಿದ್ದ ತಮ್ಮ ಬಂದು ನನ್ನ ಕಿವಿಯಲ್ಲಿ, "ಈಗ ಎರಡು ಬೆರಳು ಹೋಗುತ್ತೆ ಅಕ್ಕಾ" ಅಂದ.

ಕೂಗಾಡಬಹುದಿತ್ತು. ಆದರೆ ನನ್ನ ಗಂಡ ನನಗೆ ಗೊತ್ತಿಲ್ಲವೇ? ಎದುರು ಬಿದ್ದಷ್ಟೂ ಹಟ ಏರುತ್ತದೆ. ಮಗಳು ಆಗಲೇ ಅವರ ಹೆಗಲೇರಿ ನನ್ನನ್ನು ಪರಕೀಯಳಂತೆ ನೋಡುತ್ತಿದ್ದಳು. ಇವತ್ತು ರಟ್ಟೆ ಹಿಡಿದು ಎಳೆದೆ. ಮುಂದಿನ ಸಲ ರಟ್ಟೆಯೂ ಕೈಗೆ ಸಿಗುವುದಿಲ್ಲ.

"ಅವಳು ಬೇಡ. ಶಾಲೆ ಹಾಲ್‌ನಲ್ಲಿ ನಾನು ನಿಲ್ತೀನಿ" ಅಂದೆ. "ಅವಳು ಯಾವತ್ತೂ ಒಳಗೆ ಬರಕೂಡ್ದು. ಮಾತು ಕೊಡಿ. ಈಗ್ಲೇ ಇಳಿಸಿ, ಅವಳ ಮಾವನ ಜೊತೆ ಆಚೆ ಕಳ್ಸಿ."

ಇವರು ನನ್ನನ್ನೇ ದಿಟ್ಟಿಸಿದರು. ಗಿಣಿಯನ್ನು ಇಳಿಸಿದರು. ಮಾತೂ ಕೊಟ್ಟರು. ತಮ್ಮ ಅವಳನ್ನು ಎತ್ತಿಕೊಂಡು ಹೆಚ್ಚು ಕಡಿಮೆ ಓಡಿಯೇ ಹೋದ. ಅವಳು ಬಾಗಿಲು ದಾಟಿದ ಮೇಲೆ ನಾನು ಉಸಿರುಬಿಟ್ಟು ಇವರ ಕಡೆ ತಿರುಗಿದರೆ, ಇವರ ಕಣ್ಣಲ್ಲಿ ನೀರು ತುಂಬಿತ್ತು.

"ಕೊನೆಗೂ ನಂಬಿದೆಯಲ್ಲೇ" ಅಂದರು. "ನೋಡಿ ಸ್ವಾಮಿ, ನನ್ ಹೆಂಡ್ತಿನೂ ನಂಬಿದ್ಲು!"

ಜನ ಮತ್ತೆ ಚಪ್ಪಾಳೆ ತಟ್ಟಿದರು. ಇವರು ನನ್ನ ಕೈ ಹಿಡಿದು ಕೋಣೆಯ ನಟ್ಟನಡುವೆ ಕರೆದೊಯ್ದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಮೇಲಿನಿಂದ ಸುಣ್ಣದ ಪುಡಿ ನನ್ನ ತಲೆಯ ಮೇಲೆ ಉದುರುತ್ತಲೇ ಇತ್ತು.

"ಆ ಹಾಲ್ ಎಷ್ಟು ಅಗಲ?" ಎಂದು ಕೇಳಿದರು.

"ಇದರ ಎರಡರಷ್ಟು" ಅಂದರು ಮಾಲೀಕರು.

ಇವರು ಖುಷಿಯಿಂದ ನನ್ನ ಕೈ ಅದುಮಿದರು.