ಹಂಗಾಮಿ ಕುಲಪತಿ

ಮೂರನೆಯ ಸಲ ಕೆನ್ನೆಗೆ ಕೆನ್ನೆ ತಾಗಿಸಿದ ಮೇಲೂ ಪಾಷಾ ಫವ್ವಾಜನ ಭುಜ ಬಿಡಲಿಲ್ಲ. ಅವನ ಎಡಗೈಯಲ್ಲಿದ್ದ ಮನವಿಪತ್ರ ಇಬ್ಬರ ನಡುವೆ ಸಿಕ್ಕಿ ಮುದುಡಿತು.

"ಮಬ್ರೂಕ್, ಅಭಿನಂದನೆ, ಡಾಕ್ಟರ್. ಈ ಗಳಿಗೆಯಿಂದ ನೀನೇ ನಮ್ಮ ಕುಲಪತಿ. ಹಂಗಾಮಿ. ಆದ್ರೆ ಕುರ್ಚಿ ಗಟ್ಟಿಯಾಗಿದೆ, ಧೈರ್ಯವಾಗಿ ಕೂತ್ಕೋ."

ಮೇಜಿನ ಸುತ್ತ ಕೂತಿದ್ದ ಆಡಳಿತ ಮಂಡಳಿಯ ಸದಸ್ಯರೆಲ್ಲ ನಕ್ಕರು. ಪಾಷಾ ಸೈನ್ಯದಲ್ಲಿ ದಂಡನಾಯಕನಾಗಿ ನಿವೃತ್ತನಾದವನು, ಮಂಡಳಿಯ ಮುಖ್ಯಸ್ಥ. ಅವನು ನಕ್ಕರೆ ಉಳಿದವರು ನಗುವುದು ವಾಡಿಕೆ.

ಫವ್ವಾಜ್ ಬಂದದ್ದು ಬೇರೆಯದಕ್ಕೆ. ತತ್ವಶಾಸ್ತ್ರ ವಿಭಾಗವನ್ನು ಮುಚ್ಚಬಾರದೆಂದು ಬೇಡಿಕೊಳ್ಳುವುದಕ್ಕೆ. ವಿಭಾಗದಲ್ಲಿ ಇದ್ದವರೇ ಇಬ್ಬರು: ಇಪ್ಪತ್ತಾರು ವರ್ಷದಿಂದ ತರ್ಕ ಪಾಠ ಮಾಡುತ್ತಿದ್ದ ಅವನು, ನಾಲ್ಕು ವರ್ಷದ ಹಿಂದೆ ಸೇರಿದ ರಗ್ದಾ. ಪತ್ರಕ್ಕೆ ಇಬ್ಬರೂ ಸಹಿ ಹಾಕಿದ್ದರು. ಬಾಗಿಲಾಚೆ ಅವನು ಒಂದು ಗಂಟೆ ಕಾದಿದ್ದ. ಅದೇ ಗಂಟೆಯಲ್ಲಿ ಒಳಗೆ ಹಳೆಯ ಕುಲಪತಿಯ ರಾಜೀನಾಮೆ ಅಂಗೀಕಾರವಾಗಿತ್ತು. ಹೊಸಬ ಬರುವವರೆಗೆ ಯಾರು ಎಂಬ ಮಾತು ಬಂದಾಗ, ಯಾರ ಹಗೆಯೂ ಇಲ್ಲದ ಹಿರಿಯನೊಬ್ಬ ಹೊರಗಡೆಯೇ ಕೂತಿದ್ದಾನೆಂದು ಯಾರೋ ನೆನಪಿಸಿದ್ದರು.

"ಪಾಷಾ, ನಾನು ಬಂದಿದ್ದು ಈ ಕಾಗದ ಕೊಡೋಕೆ."

ಪಾಷಾ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಓದಿದ. "ಚೆನ್ನಾಗಿ ಬರ್ದಿದ್ದೀಯ. ಆದ್ರೆ ಮೇಲ್ಗಡೆ 'ಕುಲಪತಿಗಳಿಗೆ' ಅಂತಿದೆ. ನಿಂಗೇ ಬರ್ಕೊಂಡಿದ್ದೀಯಲ್ಲಯ್ಯ." ಕಾಗದ ಹಿಂದಕ್ಕೆ ಬಂತು.

"ಮುಚ್ಚೋದು ಬಿಡೋದು ಯಾರ ಕೈಲಿದೆ?"

"ನಾವು ಶಿಫಾರಸು ಮಾಡ್ತೀವಿ, ರಾಜಧಾನಿಯ ಪರಿಷತ್ತು ಮಂಜೂರು ಮಾಡುತ್ತೆ. ಮದುವೆ ಮನೆ ಅಂದ್ಕೋ. ನಾವು ಹೆಣ್ಣಿನ ಕಡೆ, ಅವರು ಗಂಡಿನ ಕಡೆ."

"ಕುಲಪತಿ?"

"ಅಡುಗೆಯವನು. ಮನ್ಸಫಿನ ಮಾಂಸ ಅನ್ನ ರುಚಿಯಾದ್ರೆ ಎರಡು ಕಡೆಯವರೂ ಹೊಗಳ್ತಾರೆ. ಕೆಟ್ರೆ ಇಬ್ಬರೂ ಸೇರಿ ಹೊಡೀತಾರೆ."

ಫವ್ವಾಜನೂ ನಕ್ಕ. ಮೆಟ್ಟಿಲು ಹತ್ತುವಾಗ, ತಾನು ಮನಸಾರೆ ನಕ್ಕಿದ್ದೆ ಎಂಬುದು ಹೊಳೆದು ಅವನಿಗೆ ತುಸು ಕಸಿವಿಸಿಯಾಯಿತು.

ಮೂರನೆಯ ಮಹಡಿಯ ಕೋಣೆಯಲ್ಲಿ ಕಾರ್ಯದರ್ಶಿ ಉಮ್ ಲೈಸ್ ಆಗಲೇ ಸಿಹಿತಿಂಡಿಯೆಂದು ಬಿಸಿ ಕುನಾಫಾ ತರಿಸಿಟ್ಟಿದ್ದಳು. ತಟ್ಟೆಯ ಪಕ್ಕದಲ್ಲಿ ಒಂದೇ ಕಡತ.

"ತತ್ವಶಾಸ್ತ್ರದ್ದು. ಎರಡು ವರ್ಷದಿಂದ ಇಲ್ಲೇ ಬಿದ್ದಿದೆ."

"ಯಾಕೆ?"

"ಮುಚ್ಚಿ ಅಂತ ಎಲ್ಲರೂ ಬಾಯಲ್ಲಿ ಹೇಳಿದ್ರು. ಯಾರೂ ಬರ್ದು ಕೊಡ್ಲಿಲ್ಲ."

ಅವನು ರಾಜಧಾನಿಗೆ ಫೋನು ಮಾಡಿದ. ಪರಿಷತ್ತಿನ ಅಧಿಕಾರಿಯದು ಜೇನಿನಂಥ ದನಿ. "ನಾವು ಯಾವ ವಿಭಾಗವನ್ನೂ ಮುಚ್ಚೋದಿಲ್ಲ, ಡಾಕ್ಟರ್. ಕೆಳಗಿಂದ ಪ್ರಸ್ತಾವ ಬಂದ್ರೆ ಒಪ್ತೀವಿ, ಅಷ್ಟೆ."

ಪಾಷಾನಿಗೆ ಮಾಡಿದ. "ನಾವೆಲ್ಲಿ ಮುಚ್ಚಿದ್ವಿ? ಅದು ಮೇಲಿನವರ ಆಸೆ. ಪ್ರಸ್ತಾವ ಮಾತ್ರ ಕುಲಪತಿಯಿಂದಲೇ ಹೊರಡಬೇಕು. ಹೊರಟ್ರೆ ನರ್ಸಿಂಗ್ ಕಾಲೇಜಿಗೆ ಮೂರು ಹುದ್ದೆ ಕೊಡ್ತಾರಂತೆ. ಊರಿನ ಹೆಣ್ಣುಮಕ್ಕಳು ಕಾಯ್ತಾ ಇದಾರೆ. ನಿನ್ನಿಷ್ಟ."

ಅಂದರೆ ಯಾರೂ ಮುಚ್ಚುತ್ತಿಲ್ಲ. ತಾನು ಸಹಿ ಹಾಕದಿದ್ದರೆ ವಿಭಾಗ ಉಳಿಯುತ್ತದೆ. ಇಪ್ಪತ್ತಾರು ವರ್ಷ ಕರಿಹಲಗೆಯ ಮೇಲೆ ಬರೆದ ಯಾವ ತೀರ್ಮಾನವೂ ಇಷ್ಟು ಸಲೀಸಾಗಿ ಇಳಿದುಬಂದಿರಲಿಲ್ಲ. ಅವನು ಇನ್ನೊಂದು ತುಂಡು ಕುನಾಫಾ ತಿಂದ.

ಮಧ್ಯಾಹ್ನ ರಗ್ದಾ ಬಂದಳು. ಕೂರಲಿಲ್ಲ.

"ಈಗ ನಿಮ್ಮನ್ನ ಏನಂತ ಕರೀಬೇಕು?"

"ಮೊದಲಿನ ಹಾಗೇ."

"ಕಾಗದ ಕೊಟ್ರಾ?"

"ಕೊಟ್ಟೆ. ನಂಗೇ ವಾಪಸು ಕೊಟ್ರು."

ಅವಳು ಗೊಳ್ಳನೆ ನಕ್ಕಳು. "ಮುಗೀತಲ್ಲ ಹಾಗಾದ್ರೆ. ಸಹಿ ಹಾಕ್ಬೇಡಿ."

"ಅಷ್ಟು ಸುಲಭ ಅಲ್ಲ. ನಾವು ಎಲ್ಲ ಕಡೆಯಿಂದ ನೋಡಬೇಕಾಗುತ್ತೆ."

"ನಾವು ಅಂದ್ರೆ ಯಾರು?"

ಕೋಣೆಯಲ್ಲಿ ಇದ್ದವರು ಇಬ್ಬರೇ. ಆ 'ನಾವು' ಎಂಬುದರೊಳಗೆ ಅವಳಿರಲಿಲ್ಲ. ಅದು ಇಬ್ಬರಿಗೂ ಒಟ್ಟಿಗೇ ತಿಳಿಯಿತು.

"ನರ್ಸಿಂಗಿನವರಿಗೆ ಮೂರು ಹುದ್ದೆ..."

"ಗೊತ್ತು. ನನ್ನ ತಂಗಿ ಅಲ್ಲೇ ಓದ್ತಿದ್ದಾಳೆ. ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ. ಯಾವುದಂದ್ರೂ ನಿಮ್ಮ ಮೇಲಿನ ಗೌರವ ಹೋಗಲ್ಲ."

"ಸಂಜೆಯೊಳಗೆ ಹೇಳ್ತೀನಿ."

"ನೀವು ಮೂರನೇದು ಹುಡುಕ್ತೀರಿ. ತರ್ಕದ ಮೇಷ್ಟ್ರಲ್ವಾ." ಒಂದು ತುಂಡು ಕುನಾಫಾವನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟುಹೋದಳು.

ಎರಡು ಗಂಟೆಗೆ ಮೂರನೆಯದು ಸಿಕ್ಕಿತು. ಕಡತದ ಮೇಲೆ ಅವನು ದುಂಡಗೆ ಬರೆದ: 'ಮಂಡಳಿ ಹಾಗೂ ಪರಿಷತ್ತಿನ ಸ್ಪಷ್ಟ ಅಭಿಪ್ರಾಯ ಕೋರಿ ಸಲ್ಲಿಸಲಾಗಿದೆ.' ಕೆಳಗೆ ಸಹಿ. ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ.

ಉಮ್ ಲೈಸ್ ಓದಿ ತಲೆದೂಗಿದಳು. "ಆರು ಕುಲಪತಿಗಳನ್ನ ನೋಡಿದೀನಿ, ಡಾಕ್ಟರ್. ಯಾರೂ ಇಷ್ಟು ಬೇಗ ಕಲೀಲಿಲ್ಲ."

ಆ ಹೊಗಳಿಕೆ ಅವನಿಗೆ ಇಷ್ಟವಾಯಿತು. ಅವಳು ಆಗಲೇ ಅದನ್ನು ಫ್ಯಾಕ್ಸಿನಲ್ಲಿ ರಾಜಧಾನಿಗೆ ಕಳಿಸಿದಳು. ಒಂದು ಗಂಟೆಯ ಹೊತ್ತು ಹಗುರಾಗಿದ್ದ. ಏನೋ ಗುನುಗಿಕೊಂಡ ಕೂಡ. ಆಗ ಪಾಷಾನ ಫೋನು ಬಂತು.

"ಭೇಷ್. ಕಡತ ತಲುಪಿತು ಅಂತ ರಾಜಧಾನಿಯವರು ಖುಷಿಯಾಗಿದ್ದಾರೆ."

"ಅದು ಪ್ರಸ್ತಾವ ಅಲ್ಲ, ಪಾಷಾ. ಅಭಿಪ್ರಾಯ ಕೇಳಿದ್ದು."

"ಸಹಿ ಹಾಕಿ ಮೇಲೆ ಹತ್ತಿಸಿದೆಯಲ್ಲ. ಹತ್ತಿದ್ದೆಲ್ಲ ಪ್ರಸ್ತಾವವೇ. ನಾಡಿದ್ದು ಊಟಕ್ಕೆ ಬಾ."

ನಾಲ್ಕು ಗಂಟೆಗೆ ಅವನು ಕೆಳಗಿಳಿದು ತನ್ನ ಹಳೆಯ ಕೋಣೆಗೆ ಹೋದ. ರಗ್ದಾಗೆ ಏನು ಹೇಳಬೇಕೆಂದು ಅಲ್ಲಿ ಕೂತು ಯೋಚಿಸಬೇಕಿತ್ತು. ಬಾಗಿಲು ತೆರೆದಿತ್ತು. ಕಪಾಟು ಖಾಲಿ. ಪುಸ್ತಕಗಳನ್ನೆಲ್ಲ ಗೌರವದಿಂದ ಮೂರನೆಯ ಮಹಡಿಗೆ ಸಾಗಿಸುತ್ತಿದ್ದಾರೆಂದು ಹೊರಗಿದ್ದ ಜವಾನ ಹೇಳಿದ. ಮೇಜಿದ್ದ ಜಾಗದಲ್ಲೊಂದು ಆಸ್ಪತ್ರೆ ಮಂಚ. ಮಂಚದ ಮೇಲೆ ಪಾಠಕ್ಕೆ ಬಳಸುವ ರಬ್ಬರಿನ ಮನುಷ್ಯ. ಬಿಳಿ ಅಂಗಿಯ ಇಬ್ಬರು ನರ್ಸಿಂಗ್ ಹುಡುಗಿಯರು ಅವನ ತಂತಿಯನ್ನು ಗೋಡೆಗೆ ಸಿಕ್ಕಿಸುತ್ತಿದ್ದರು. ಎದೆ ಮೇಲೆದ್ದಿತು, ಇಳಿಯಿತು.

ಗೋಡೆಯಾಚೆ ರಗ್ದಾಳ ಪಾಠ ಇನ್ನೂ ನಡೆದಿತ್ತು. ಅವಳೇನೋ ಅಂದಳು; ತರಗತಿ ಗೊಳ್ಳೆಂದು ನಕ್ಕಿತು.

"ಐದು ನಿಮಿಷ ಇರ್ತೀರಾ, ಡಾಕ್ಟರ್?" ಒಬ್ಬಳು ಕೇಳಿದಳು. ಅವನು ಹೊಸ ಕುಲಪತಿಯೆಂದು ಅವಳಿಗೆ ಗೊತ್ತಿರಲಿಲ್ಲ; ಮೇಷ್ಟ್ರುಗಳೆಲ್ಲ ಅವಳಿಗೆ ಡಾಕ್ಟರೇ. "ರೋಗಿಯ ಮನೆಯವರಿಗೆ ಸುದ್ದಿ ಹೇಳೋದು ಅಭ್ಯಾಸ ಮಾಡ್ಬೇಕು. ನೀವು ಇವನ ಅಣ್ಣ."

ಅವನು ಮಂಚದ ಅಂಚಿಗೆ ಕೂತ.

"ಕೈ ಹಿಡ್ಕೊಳ್ಳಿ. ಮನೆಯವರು ಹಿಡ್ಕೊಂಡಿರ್ತಾರೆ."

ಹಿಡಿದ. ರಬ್ಬರು ತಣ್ಣಗಿತ್ತು. ಹುಡುಗಿ ಮುಖ ಗಂಭೀರ ಮಾಡಿಕೊಂಡು, "ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ," ಎಂದವಳು ನಗು ತಡೆಯಲಾರದೆ ನಿಲ್ಲಿಸಿದಳು. ಗೆಳತಿ ಗದರಿದಳು. ಮತ್ತೆ ಮೊದಲಿನಿಂದ.

ಈ ಸಲ ಅವಳು, 'ನಿಮ್ಮ ತಮ್ಮ ಉಳಿಯಲಿಲ್ಲ' ಎಂಬುದರವರೆಗೂ ಪೂರ್ತಿ ಹೇಳಿದಳು. ಚೆನ್ನಾಗಿಯೇ ಹೇಳಿದಳು.

"ಈಗ ನೀವು ಮಾತಾಡ್ಬೇಕು, ಡಾಕ್ಟರ್."

"ಏನಂತ?"

"ನಿಮಗೆ ಅನ್ನಿಸಿದ್ದು."

ಅವನು ಬಾಯಿ ತೆರೆದ. ರಬ್ಬರಿನ ಮನುಷ್ಯನ ಬಾಯಿಯೂ ತೆರೆದೇ ಇತ್ತು. ಹುಡುಗಿಯರು ಕಾಯುತ್ತ ನಿಂತರು. ಎದೆ ಏರುತ್ತಿತ್ತು, ಇಳಿಯುತ್ತಿತ್ತು.