ಇಪ್ಪತ್ತೊಂದನೆಯ ಕೈ

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಪೊಯ್ಯೆಕಡಪು ಊರಿನ ಜಮಾಅತಿನ ಸೌದಿ ಸಮಿತಿಯ ಸಭೆಗೆ ಒಬ್ಬ ಕಡಿಮೆ ಬಿದ್ದ. ಸದಸ್ಯರು ಒಟ್ಟು ಅರವತ್ತಮೂರು. ಬೈಲಾ ಪ್ರಕಾರ ಮೂರರಲ್ಲೊಂದು ಪಾಲು, ಅಂದರೆ ಇಪ್ಪತ್ತೊಂದು ಜನ, ಹಾಜರಿರಬೇಕು. ಕಾರ್ಯದರ್ಶಿ ಇಮ್ತಿಯಾಜ್ ಎರಡು ಸಲ ಎಣಿಸಿದ. ಎರಡು ಸಲವೂ ಇಪ್ಪತ್ತೇ ಆಯಿತು.

"ಜುಬೈಲಿನವರು ಎಲ್ಲಿ ಸತ್ರು?" ಅಧ್ಯಕ್ಷ ಯಹ್ಯಾ ಹಾಜಿ ಕೇಳಿದರು.

"ದಾರಿಯಲ್ಲಿ ಟಯರ್ ಒಡೆದಿದೆಯಂತೆ. ನಾಲ್ಕು ಜನ ಬಿಸಿಲಲ್ಲಿ ನಿಂತಿದ್ದಾರೆ."

"ಅಸರ್ ನಮಾಝಿನ ಬಾಂಗಿಗೆ ಒಂದು ಗಂಟೆ ಉಂಟಷ್ಟೆ. ಕಾಯ್ಲಿಕ್ಕೆ ಆಗ್ಲಿಕ್ಕಿಲ್ಲ." ಹಾಜಿ ಕಿಟಕಿಯ ಕಡೆ ತಿರುಗಿದರು. ಹೊರಗೆ ನಲವತ್ತೇಳು ಡಿಗ್ರಿ ಬಿಸಿಲು. ನೀರು ಖಾಲಿ ಮಾಡಿದ ಈಜುಕೊಳದೊಳಗೆ ಇಳಿದು ಮೊಯ್ದು ಪಾಚಿ ಉಜ್ಜುತ್ತಿದ್ದ. "ಓ ಖಬರ್ ತೋಡುವವನ ಮಗನೇ! ಮೇಲೆ ಬಾ. ಸೌದಿಗೆ ಬಂದ್ರೂ ನಿನಗೆ ಗುಂಡಿಯೇ ಬೇಕಾ ಮಾರಾಯ?"

ಒಳಗಿದ್ದವರು ನಕ್ಕರು. ಮೊಯ್ದು ಬ್ರಷ್ ಕೆಳಗಿಟ್ಟು ಏಣಿ ಹತ್ತಿದ.

ಬೇಸಿಗೆಯಲ್ಲಿ ಹನ್ನೆರಡರಿಂದ ಮೂರರವರೆಗೆ ಬಿಸಿಲಲ್ಲಿ ಯಾರನ್ನೂ ದುಡಿಸಬಾರದೆಂದು ಈ ದೇಶದ ಸರ್ಕಾರದ ಆದೇಶವಿದೆ. ಅದರ ಪ್ರತಿ ಹಾಜಿಯ ಕಂಪನಿಯ ಆಫೀಸಿನ ಗೋಡೆಯ ಮೇಲಿತ್ತು. ಇಲ್ಲಿಯ ಗೋಡೆಯ ಮೇಲೆ ಇರಲಿಲ್ಲ. ಇದು ಅಲ್ ಖಫ್ಜಿ ಪಟ್ಟಣದಿಂದ ಐದು ಕಿಲೋಮೀಟರ್ ಹೊರಗೆ, ಕುವೈತ್ ರಸ್ತೆಯ ಬದಿಯಲ್ಲಿದ್ದ ಇಸ್ತಿರಾಹ. ಎತ್ತರದ ಕಾಂಪೌಂಡು, ಒಂದು ದೊಡ್ಡ ಕೋಣೆ, ಅಡಿಗೆಮನೆ, ಈಜುಕೊಳ. ರಜಾ ದಿನಗಳಲ್ಲಿ ಜನ ಬಂದು ಉಂಡು, ಒರಗಿ, ಹರಟಿ ಹೋಗುವ ಜಾಗ. ಹಾಜಿ ಅದನ್ನು ವರ್ಷದ ಬಾಡಿಗೆಗೆ ಹಿಡಿದಿದ್ದರು. ಆರು ವರ್ಷಗಳಿಂದ ಮೊಯ್ದು ಅದರ ಕಾವಲುಗಾರ, ಗುಡಿಸುವವ, ಚಾ ಮಾಡುವವ. ಅವನ ವೀಸಾ ಹಾಜಿ ಕೊಡಿಸಿದ್ದು. ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಹಾಜಿಯ ಕಂಪನಿಯದ್ದು. ಪಾಸ್‌ಪೋರ್ಟ್ ಇದ್ದದ್ದೂ ಹಾಜಿಯ ಕಪಾಟಿನಲ್ಲಿ.

"ಅವನು ಸದಸ್ಯ ಅಲ್ವಲ್ಲ ಹಾಜಿಯವರೇ," ಇಮ್ತಿಯಾಜ್ ಮೆಲ್ಲನೆ ಹೇಳಿದ. "ಆರನೇ ಬೈಲಾ. ಊರಲ್ಲಿ ಸ್ವಂತ ಹೆಸರಿನಲ್ಲಿ ಮನೆ ಇರ್ಬೇಕು."

"ಅವನ ಉಪ್ಪನ ಹೆಸರು ಹಳೇ ರಿಜಿಸ್ಟರಿನಲ್ಲಿ ಉಂಟು. ಇವತ್ತಿಗೆ ಬರ್ಕೊ. ನಾಳೆ ತೆಗಿಯುವ."

ಮೊಯ್ದು ಕಾಲು ತೊಳೆದು, ಪ್ಯಾಂಟಿನ ಮಡಿಕೆ ಬಿಚ್ಚಿ ಒಳಗೆ ಬಂದ. ಕಾರ್ಪೆಟ್ಟಿನ ಮೇಲೆ ಗೋಡೆಗುಂಟ ಇಪ್ಪತ್ತು ಜನ ದಿಂಬಿಗೆ ಒರಗಿ ಕೂತಿದ್ದರು. ಅವನು ಅಭ್ಯಾಸಬಲದಿಂದ ಚಾದ ಫ್ಲಾಸ್ಕಿಗೆ ಕೈ ಹಾಕಿದ.

"ಅದನ್ನು ಇಡು. ಕೂತ್ಕೊ," ಎಂದರು ಹಾಜಿ.

"ಎಲ್ಲಿ?"

"ಅಲ್ಲಿಯೇ." ಬಾಗಿಲ ಬಳಿ ಚಪ್ಪಲಿಗಳ ರಾಶಿ ಇತ್ತು. ಕಾರ್ಪೆಟ್ ಅಲ್ಲಿಗೆ ಮುಗಿಯುತ್ತಿತ್ತು. ಮೊಯ್ದು ಅದರ ಅಂಚಿನಲ್ಲಿ ಕೂತ. "ನೋಡು, ಎಲ್ಲರೂ ಕೈ ಎತ್ತುವಾಗ ನೀನೂ ಎತ್ತುದು. ಅಷ್ಟೇ ಕೆಲಸ. ಎತ್ಲಿಕ್ಕೆ ಬರ್ತದಲ್ವಾ? ಗುದ್ದಲಿ ಎತ್ತಿದ ಕೈ."

ಮತ್ತೆ ನಗು. ಮೊಯ್ದುವೂ ನಕ್ಕ.

ಮೊದಲನೆಯದು ಕಳೆದ ಸಭೆಯ ನಡಾವಳಿ. ಪಾಸ್. ಎರಡನೆಯದು ಊರಿನ ಮಸೀದಿಗೆ ಹೊಸ ಸೌಂಡ್ ಸಿಸ್ಟಮ್. ಪಾಸ್. ಮೂರನೆಯದು ಮಿನಾರಕ್ಕೆ ಬಣ್ಣ. ಹಸಿರೋ ಬಿಳಿಯೋ ಎಂದು ಹನ್ನೊಂದು ನಿಮಿಷ ಚರ್ಚೆಯಾಗಿ ಬಿಳಿ ಪಾಸಾಯಿತು. ನಾಲ್ಕನೆಯದು ಬಾಂಗ್ ಕೊಡುವವರ ಸಂಬಳ. ಬದಲಾವಣೆ ಇಲ್ಲ. ಅರ್ಧ ನಿಮಿಷ. ಐದನೆಯದು ಮದ್ರಸದ ಶೌಚಾಲಯದ ರಿಪೇರಿ, ಮುಂದಿನ ವರ್ಷಕ್ಕೆ.

"ಬ್ರಿಟಿಷರು ಲಂಡನ್ನಿನಲ್ಲಿ ಕೂತು ನಮ್ಮ ಊರು ಆಳಲಿಲ್ವಾ," ಯಾರೋ ದಿಂಬು ಸರಿಸಿಕೊಳ್ಳುತ್ತ ಅಂದರು, "ನಾವು ಖಫ್ಜಿಯಲ್ಲಿ ಕೂತು ಆಳುದು."

"ಅವರಿಗೆ ಚಾ ಸಿಗ್ತಿತ್ತು ಮಾರಾಯ. ನಮಗೆ ಇವತ್ತು ಅದೂ ಇಲ್ಲ."

ಮೊಯ್ದು ಚಟ್ಟನೆ ಎದ್ದ.

"ಕೂತ್ಕೊ ಹಮುಕ್ಕೇ!" ಹಾಜಿ ಗದರಿದರು. "ನೀನು ಎದ್ರೆ ಕೋರಂ ಬೀಳ್ತದೆ."

ಅವನು ಕೂತ. ಆರು ವರ್ಷಗಳಲ್ಲಿ ಈ ಕೋಣೆಯಲ್ಲಿ ಯಾರೂ ಅವನಿಗೆ ಕೂರಲು ಹೇಳಿರಲಿಲ್ಲ. ಇವತ್ತು ಎರಡು ಸಲ ಹೇಳಿದ್ದರು. ಅವನು ಎದ್ದರೆ ನಿಂತುಹೋಗುವ ಸಭೆ ಇದು. ಸಂಜೆ ಫೋನಿನಲ್ಲಿ ಉಮ್ಮನಿಗೆ ಇದನ್ನು ಹೇಳಬೇಕೆಂದುಕೊಂಡ. ಹಾಜಿಯ ಜೊತೆ ಕೂತಿದ್ದೆ, ಕೈ ಎತ್ತಿದೆ, ಮಿನಾರಕ್ಕೆ ಬಿಳಿ ಬಣ್ಣ ಬರ್ತದೆ ಅಂತ. ಉಮ್ಮನ ಮನೆಯ ಅಂಗಳದಿಂದ ಮಿನಾರ ಕಾಣುತ್ತದೆ. ಆರನೆಯದಕ್ಕೆ ಅವನ ಕೈ ಉಳಿದವರಿಗಿಂತ ಸ್ವಲ್ಪ ಮೊದಲೇ ಎದ್ದಿತು.

ಒಂಬತ್ತನೆಯದನ್ನು ಇಮ್ತಿಯಾಜ್ ಸರಸರನೆ ಓದಿದ. "ಜಮಾಅತಿನ ಸ್ವತ್ತಿನಲ್ಲಿ ದಾಖಲೆಪತ್ರವಿಲ್ಲದೆ ವಾಸಿಸುವವರನ್ನು ತಾತ್ಕಾಲಿಕ ನಿವಾಸಿಗಳೆಂದು ಪರಿಗಣಿಸತಕ್ಕದ್ದು." ಕೈಗಳು ಎದ್ದವು. ಮೊಯ್ದುವಿನದ್ದೂ. ಉಮ್ಮ ಆ ಮನೆಯಲ್ಲಿ ನಲವತ್ತನಾಲ್ಕು ವರ್ಷಗಳಿಂದ ಇದ್ದಳು. ತಾತ್ಕಾಲಿಕ ಎಂಬ ಮಾತು ಕೇಳಿ ಅವಳ ನೆನಪಾಗಲು ಕಾರಣವೇ ಇರಲಿಲ್ಲ.

ಹತ್ತನೆಯದು ಲೆಕ್ಕ ಪರಿಶೋಧಕರ ನೇಮಕ. ಗಂಟೆ ಮೂರಾಗಿತ್ತು.

"ಹನ್ನೊಂದು," ಇಮ್ತಿಯಾಜ್ ಓದಿದ. "ಸರ್ವೆ ನಂಬರ್ ನಲವತ್ತೇಳು ಬಾರ್ ಎರಡರಲ್ಲಿ ಉತ್ತರ ದಿಕ್ಕಿನ ನಾಲ್ಕು ಸೆಂಟ್ಸ್ ಜಾಗವನ್ನು ತೆರವುಗೊಳಿಸಿ, ಉದ್ದೇಶಿತ ವಾಣಿಜ್ಯ ಸಂಕೀರ್ಣದ ವಾಹನ ನಿಲುಗಡೆಗೆ ಬಳಸುವುದು." ಅವನು ಒಂದು ನಕ್ಷೆಯನ್ನು ಬಿಚ್ಚಿ ಹಾಜಿಯ ಕೈಗೆ ಕೊಟ್ಟ. ಹಾಜಿ ನೋಡಿ ಪಕ್ಕದವರಿಗೆ ದಾಟಿಸಿದರು.

ಅನಸ್ ಎಂಬ ಇಂಜಿನಿಯರ್, ಸಭೆಯಲ್ಲಿ ಎಲ್ಲರಿಗಿಂತ ಚಿಕ್ಕವನು, ಮೊಬೈಲಿನಿಂದ ತಲೆ ಎತ್ತಿದ. "ಅಲ್ಲಿ ಯಾರಾದ್ರೂ ಇದ್ದಾರಾ?"

"ಒಂದು ಶೆಡ್ ಉಂಟು," ಎಂದ ಇಮ್ತಿಯಾಜ್. "ತಾತ್ಕಾಲಿಕ. ಒಂಬತ್ತರಲ್ಲಿ ಪಾಸಾಯ್ತಲ್ಲ."

"ಓಕೆ."

ಇಪ್ಪತ್ತೊಂದು ಕೈ ಎದ್ದವು. "ಸರ್ವಾನುಮತ," ಎಂದರು ಹಾಜಿ. ಇಮ್ತಿಯಾಜ್ ಬರೆದುಕೊಂಡ.

ನಕ್ಷೆ ಕೈಯಿಂದ ಕೈಗೆ ಸುತ್ತಿ ಬರುತ್ತಿತ್ತು. ಹೆಚ್ಚಿನವರು ನೋಡದೆಯೇ ದಾಟಿಸಿದರು. ಹನ್ನೆರಡನೆಯ ವಿಷಯ ಅರ್ಧ ಓದಿ ಮುಗಿಯುವಾಗ ಅದು ಬಾಗಿಲ ಬಳಿಗೆ, ಕೊನೆಯವನ ಕೈಗೆ ಬಂತು. ದಾಟಿಸಲು ಮುಂದೆ ಯಾರೂ ಇಲ್ಲದ್ದರಿಂದ ಮೊಯ್ದು ಅದನ್ನು ನೋಡಿದ.

ಖಬರ್‌ಸ್ತಾನದ ಉತ್ತರದ ಗೋಡೆ. ಗೋಡೆಗೆ ತಾಗಿ ಕಾಲುದಾರಿ. ಒಂದು ಸಣ್ಣ ವೃತ್ತ, ಅದರೊಳಗೆ "ಬಾವಿ" ಎಂದು ಬರೆದಿತ್ತು. ಆ ಬಾವಿಯನ್ನು ಉಪ್ಪ ಒಬ್ಬನೇ ತೋಡಿದ್ದ, ಖಬರ್ ಇಲ್ಲದ ದಿನಗಳಲ್ಲಿ, ಎರಡು ಬೇಸಿಗೆ. ಬಾವಿಯ ಪಕ್ಕದಲ್ಲಿ ಒಂದು ಚೌಕ. ಚೌಕದ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದಿತ್ತು.

"ಹಾಜಿಯವರೇ," ಎಂದ ಮೊಯ್ದು. "ಇದು ನಮ್ಮ ಮನೆ."

ಇಮ್ತಿಯಾಜ್ ಓದು ನಿಲ್ಲಿಸಿದ.

"ಇದರೊಳಗೆ ನನ್ನ ಉಮ್ಮ ಇದ್ದಾಳೆ."

"ಗೊತ್ತುಂಟು," ಎಂದರು ಹಾಜಿ, ಮಗುವಿಗೆ ಹೇಳುವ ಹಾಗೆ. "ಆ ಜಾಗ ನಿಮ್ಮದಲ್ಲ. ನನ್ನ ಉಪ್ಪ ನಿನ್ನ ಉಪ್ಪನಿಗೆ ಬಾಯಿಮಾತಿನಲ್ಲಿ ಕೊಟ್ಟದ್ದು, ತೋಡುವಷ್ಟು ಕಾಲ ಇರು ಅಂತ. ಈಗ ತೋಡುದು ಬಿಹಾರದವರು. ನಿನ್ನ ಉಪ್ಪ ತೀರಿ ಒಂಬತ್ತು ವರ್ಷ ಆಯ್ತು. ನಾವು ಬಿಡಿಸಿದ್ದೇವಾ? ಇಲ್ಲ. ಅದು ನಮ್ಮ ಒಳ್ಳೇತನ."

"ಅವಳು ಎಲ್ಲಿಗೆ ಹೋಗುದು?"

"ನಿನ್ನ ತಂಗಿ ಇದ್ದಾಳಲ್ಲ, ರಾಬಿಯಾ."

"ಅವರದ್ದು ಒಂದು ಕೋಣೆ. ಆರು ಜನ ಇದ್ದಾರೆ."

"ಏಳನೆಯವಳಾಗಿ ಇರ್ಲಿ. ನಿನ್ನ ಉಮ್ಮನಿಗೆ ಎಷ್ಟು ಜಾಗ ಬೇಕು ಮಾರಾಯ?"

"ಹಾಗಾದ್ರೆ ಹನ್ನೊಂದನೆಯದನ್ನು ತೆಗೀರಿ. ಇನ್ನೊಮ್ಮೆ ಕೇಳಿ."

"ಬರುದಿಲ್ಲ," ಎಂದ ಇಮ್ತಿಯಾಜ್. "ಪಾಸಾದ ವಿಷಯವನ್ನು ಆರು ತಿಂಗಳು ತೆಗೆಯುವ ಹಾಗಿಲ್ಲ. ಬೈಲಾ ಉಂಟು." ಅವನು ಪುಸ್ತಕದ ಮೇಲೆ ಬೆರಳಿಟ್ಟ. "ಮತ್ತೆ ನೀನೂ ಕೈ ಎತ್ತಿದ್ದಿ ಅಲ್ವಾ?"

ಮೊಯ್ದು ತನ್ನ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಅನಸ್ ಮೊಬೈಲ್ ನೋಡುತ್ತಿದ್ದ. ಪರದೆ ಆರಿಹೋಗಿತ್ತು.

ಹನ್ನೆರಡನೆಯದಕ್ಕೆ ಇಪ್ಪತ್ತು ಕೈ ಎದ್ದವು. "ಕೈ ಎತ್ತದಿದ್ರೂ ಕೂತಿದ್ದಾನಲ್ಲ, ಸಾಕು," ಎಂದರು ಹಾಜಿ.

ಕೊನೆಗೆ ಸಹಿ. ನಡಾವಳಿ ಪುಸ್ತಕ ಗೋಡೆಗುಂಟ ಸುತ್ತಿ ಬಂತು. ಅದರ ಪ್ರತಿಯನ್ನು ಅಂದೇ ಊರಿಗೆ ಕಳುಹಿಸಬೇಕಿತ್ತು. ಜೆಸಿಬಿಯವರಿಗೆ ಗುರುವಾರದ ದಿನ ಹೇಳಿಯಾಗಿತ್ತು. ಮೊಯ್ದುವಿನ ಸರದಿ ಬಂದಾಗ ಇಮ್ತಿಯಾಜ್ ತಾನೇ ಎದ್ದು ಬಂದು ಬ್ಯಾಗಿನಿಂದ ಶಾಯಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ.

"ಎಡಗೈ ಹೆಬ್ಬೆರಳು."

"ಪೆನ್ನು ಕೊಡಿ," ಎಂದ ಮೊಯ್ದು.

"ಓ! ಬರೀಲಿಕ್ಕೆ ಬರ್ತದಾ?" ಎಂದ ಇಮ್ತಿಯಾಜ್.

"ನಿಮ್ಮ ಉಪ್ಪನ ಖಬರಿನ ಮೀಸಾನ್ ಕಲ್ಲಿನ ಮೇಲೆ ಹೆಸರು ಬರ್ದದ್ದು ಯಾರು ಹಾಜಿಯವರೇ?" ಮೊಯ್ದು ಕೇಳಿದ್ದು ಹಾಜಿಯನ್ನು. "ಉಪ್ಪ ತೋಡುದು, ನಾನು ಬರಿಯುದು. ಹತ್ತು ವರ್ಷದವನಿದ್ದಾಗಿನಿಂದ. ನಿಮ್ಮ ಮನೆಯ ಮೂರು ಕಲ್ಲು ನನ್ನ ಅಕ್ಷರ."

ಪೊಯ್ಯೆಕಡಪಿನ ತಲೆಗಲ್ಲುಗಳ ಗುಂಡಗಿನ ಅಕ್ಷರಗಳನ್ನು ಆ ಕೋಣೆಯ ಎಲ್ಲರೂ ನೋಡಿದ್ದರು. ಯಾರು ಬರೆದದ್ದೆಂದು ಯಾರೂ ಕೇಳಿರಲಿಲ್ಲ. ಅನಸ್ ಜೇಬಿನಿಂದ ಪೆನ್ನು ತೆಗೆದು ಕೊಟ್ಟ.

ಮೊಯ್ದು ಪುಸ್ತಕವನ್ನು ಮಂಡಿಯ ಮೇಲಿಟ್ಟುಕೊಂಡು, ಗೆರೆ ತಪ್ಪದಂತೆ, ಕಲ್ಲಿನ ಮೇಲೆ ಬರೆಯುವಷ್ಟೇ ನಿಧಾನವಾಗಿ ಬರೆದ:

"ಹನ್ನೊಂದನೆಯದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದು ಶೆಡ್ ಅಲ್ಲ, ಮನೆ. ಒಳಗೆ ಆಮಿನತ್ ಎಂಬವಳು ಇದ್ದಾಳೆ."

ಕೆಳಗೆ ತನ್ನ ಹೆಸರು ಬರೆದು, ಉಪ್ಪನ ಹೆಸರು ಸೇರಿಸಿ, ತಾರೀಕು ಹಾಕಿದ.

ಇಮ್ತಿಯಾಜ್ ಓದಿ ಪುಸ್ತಕವನ್ನು ಹಾಜಿಯ ಮುಂದೆ ಹಿಡಿದ. ಹಾಜಿಯ ಕುತ್ತಿಗೆ ಕೆಂಪಾಯಿತು.

"ಬೇವರ್ಸಿ ನಾಯಿ! ಯಾರ ಅನ್ನ ತಿಂತಿದ್ದಿ ನೀನು? ಇಕಾಮಾ ಮುಗಿಯುದು ಯಾವಾಗ ಗೊತ್ತುಂಟಾ? ಬರುವ ತಿಂಗಳು. ಎಕ್ಸಿಟ್ ಹೊಡೆಸಿ ಕಳಿಸ್ತೇನೆ. ಹೋಗಿ ನಿನ್ನ ಉಮ್ಮನ ಜೊತೆ ರಸ್ತೆಯಲ್ಲಿ ಕೂತ್ಕೊ!"

"ಕಳಿಸಿ," ಎಂದ ಮೊಯ್ದು. "ಬರ್ದದ್ದನ್ನು ನಾನು ಅಳಿಸುದಿಲ್ಲ."

ಅಷ್ಟರಲ್ಲಿ ಬಾಂಗ್ ಕೇಳಿಸಿತು. ಎಲ್ಲರೂ ಎದ್ದು, ಕೈಕಾಲು ಮುಖ ತೊಳೆದು ವುಝೂ ಮಾಡಿ ಬಂದು ಸಾಲಾಗಿ ನಿಂತರು. ಮೊಯ್ದು ಹಿಂದೆ ಉಳಿದದ್ದನ್ನು ಕಂಡು ಒಬ್ಬ ಹಿರಿಯರು ಅವನ ತೋಳು ಹಿಡಿದು ಮುಂದಕ್ಕೆ ಎಳೆದರು. ಸಾಲಿನಲ್ಲಿ ಎಡೆ ಬಿಡಬಾರದು. ಎಡೆ ಇದ್ದದ್ದು ಹಾಜಿಯ ಪಕ್ಕದಲ್ಲಿ. ಭುಜಕ್ಕೆ ಭುಜ ತಾಗಿಸಿ ಇಬ್ಬರೂ ನಾಲ್ಕು ರಕಅತ್ ನಮಾಝ್ ಮಾಡಿದರು.

ಆಮೇಲೆ ಮೊಯ್ದು ಚಾ ಮಾಡಿದ. ಇಪ್ಪತ್ತು ಗ್ಲಾಸು. ಜುಬೈಲಿನವರೂ ಬಂದು ತಲುಪಿದ್ದರಿಂದ ಇನ್ನೂ ನಾಲ್ಕು. ಗ್ಲಾಸು ತೊಳೆಯುವಾಗ ಅಡಿಗೆಮನೆಯ ಬಾಗಿಲಿನಿಂದ ಅವನಿಗೆ ಕಂಡಿತು. ಇಮ್ತಿಯಾಜ್ ಸ್ಕೇಲ್ ಇಟ್ಟು ಬ್ಲೇಡಿನಿಂದ ಪುಸ್ತಕದ ಹಾಳೆಯೊಂದನ್ನು ಕತ್ತರಿಸಿದ. ಮುಂದಿನ ಹಾಳೆಯಲ್ಲಿ ಎಲ್ಲವನ್ನೂ ಮತ್ತೆ ಬರೆದ. ಪುಸ್ತಕ ಮತ್ತೆ ಗೋಡೆಗುಂಟ ಸುತ್ತಿತು. ಜುಬೈಲಿನ ನಾಲ್ವರ ಮುಂದೆ ನಿಲ್ಲಲಿಲ್ಲ. ಅವರು ತಡವಾಗಿ ಬಂದವರು, ಬೈಲಾ ಪ್ರಕಾರ ಸಹಿ ಹಾಕುವಂತಿಲ್ಲ. ಅನಸ್ ಎರಡನೆಯ ಸಲವೂ ಸಹಿ ಹಾಕಿದ.

ಹೊರಡುವಾಗ ಅವನು ಅಡಿಗೆಮನೆಗೆ ಬಂದ. "ಮೊಯ್ದು ಕಾಕ, ನಾನು ಹಾಜಿಯವರ ಹತ್ತಿರ ಮಾತಾಡ್ತೇನೆ. ಈಗ ಅಲ್ಲ. ಅವರಿಗೆ ಸಿಟ್ಟು ಇಳಿಯಲಿ."

"ಪೆನ್ನು," ಎಂದ ಮೊಯ್ದು. ಅದು ಮೊಯ್ದುವಿನ ಜೇಬಿನಲ್ಲೇ ಉಳಿದಿತ್ತು. ಅನಸ್ ಅದನ್ನು ತೆಗೆದುಕೊಂಡು ಹೋದ.

ಸೋಮವಾರ ಸಂಜೆ ತಂಗಿ ರಾಬಿಯಾ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳುಹಿಸಿದಳು. ಉಮ್ಮನ ಬಾಗಿಲಿಗೆ ಅಂಟಿಸಿದ ನೋಟಿಸು, ಅದರ ಕೆಳಗೆ ನಿರ್ಣಯದ ಪ್ರತಿ. ಮೊಯ್ದು ಬೆರಳಿನಿಂದ ಅಗಲಿಸಿ ನೋಡಿದ. ಇಪ್ಪತ್ತೊಂದು ಸದಸ್ಯರು ಹಾಜರಿದ್ದು ಸರ್ವಾನುಮತದಿಂದ ಅಂಗೀಕರಿಸಲಾಗಿದೆ. ಇಪ್ಪತ್ತು ಸಹಿ. ಇಪ್ಪತ್ತೊಂದನೆಯದು ನೀಲಿ ಶಾಯಿಯ ಹೆಬ್ಬೆಟ್ಟು. ಪಕ್ಕದಲ್ಲಿ ಇಮ್ತಿಯಾಜನ ಅಕ್ಷರದಲ್ಲಿ ಮೊಯ್ದುವಿನ ಹೆಸರು, ಅದರ ಮುಂದೆ "ಅನಕ್ಷರಸ್ಥ".

ಅವನು ತನ್ನ ಎಡಗೈಯ ಹೆಬ್ಬೆರಳನ್ನು ನೋಡಿಕೊಂಡ. ಅದರಲ್ಲಿ ಶಾಯಿ ಇರಲಿಲ್ಲ. ಫೋನ್ ಮಾಡಿದ.

"ಉಮ್ಮಾ, ಅದು..."

"ರಾಬಿಯಾ ಓದಿ ಹೇಳಿದಳು ಮೋನೇ," ಎಂದಳು ಆಮಿನತ್. ಅವಳಿಗೆ ಓದಲು ಬಾರದು. "ನೀನೂ ಒತ್ತಿದ್ದಿ ಅಂತ ಬರ್ದಿದಾರಂತೆ. ನಾನು ಕಾಗದವನ್ನು ನೋಡಿದೆ. ಅಲ್ಲಿ ಹೆಬ್ಬೆಟ್ಟು ಉಂಟು. ಇದು ನನ್ನ ಮೋನುವಿನದ್ದಲ್ಲ ಅಂದೆ. ಅವನು ಬರೀತಾನೆ ಅಂದೆ. ಅಂಟಿಸ್ಲಿಕ್ಕೆ ಬಂದವರು ನಗಾಡಿದ್ರು."

ಮೊಯ್ದು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡ.

"ನೀನು ಊಟ ಮಾಡಿದ್ಯಾ?" ಎಂದು ಅವಳು ಕೇಳಿದಳು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಜೆಸಿಬಿ ಬಂತು. ಮೊದಲು ಬಾವಿ ಮುಚ್ಚಿದರು.